ಅಣ್ಣ ಬಿದ್ದ ಸದ್ದು

ಹೆದರಿಕೆಯ ಸಿನಿಮಾ ನೋಡುವವರಲ್ಲಿ ಎರಡು ಪಂಗಡ. ಕಣ್ಣರಳಿಸಿಕೊಂಡು ನೋಡುವವರು ಒಂದು, ಕಣ್ಣು ಮುಚ್ಚಿಕೊಂಡು ನೋಡುವವರು ಇನ್ನೊಂದು. ಅಣ್ಣ ಮೊದಲನೆಯ ಪಂಗಡ, ತಂಗಿ ಎರಡನೆಯದು. ಅವಳು ಕಣ್ಣು ಮುಚ್ಚಿದಳೆಂದರೆ ಬರೀ ರೆಪ್ಪೆ ಮುಚ್ಚುವುದಲ್ಲ; ಎರಡು ಅಂಗೈಯನ್ನೂ ಮುಖಕ್ಕೆ ಒತ್ತಿ, ಮೊಣಕೈ ತೊಡೆಗೆ ಊರಿ, ಆಮೆಯ ಹಾಗೆ ಒಳಗೆ ಸೇರಿಕೊಂಡುಬಿಡುತ್ತಿದ್ದಳು. ಇಷ್ಟು ಹೆದರುವವಳು ಅಂಥ ಸಿನಿಮಾಕ್ಕೆ ಯಾಕೆ ಹೋಗಬೇಕಿತ್ತು ಎಂದು ನೀವು ಕೇಳಬಹುದು. ಅಣ್ಣನನ್ನು ಒಬ್ಬನೇ ಕಳಿಸುವುದಕ್ಕೆ ಅವಳಿಗೆ ಇನ್ನೂ ಹೆಚ್ಚು ಹೆದರಿಕೆ, ಅದಕ್ಕೆ.

ಅಣ್ಣ ಒಂದು ಕಾಲಕ್ಕೆ ಥಿಯೇಟರಿನಲ್ಲಿ ಆಪರೇಟರ್ ಆಗಿ ರೀಲು ಓಡಿಸುತ್ತಿದ್ದವನು. ಆ ಥಿಯೇಟರ್ ಮುಚ್ಚಿ ಈಗ ಅಲ್ಲಿ ಸೋಫಾ ಮಾರುತ್ತಾರೆ. ತಂಗಿ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡು ಪ್ಯಾಂಟು ಗಿಡ್ಡ ಮಾಡುವುದು, ಜಿಪ್ಪು ಬದಲಿಸುವುದು, ಗುಂಡಿಗೆ ಕಾಜಾ ಹಾಕುವುದು ಇಂಥ ಕೆಲಸ ಮಾಡುತ್ತಿದ್ದಳು. ಅಣ್ಣನ ಮದುವೆ ಆಗಲೇ ಇಲ್ಲ, ಅವಳದು ಆದರೂ ಉಳಿಯಲಿಲ್ಲ. ಇಬ್ಬರೂ ಒಂದೇ ಸೂರಿನ ಕೆಳಗೆ ಹೊತ್ತುಹೊತ್ತಿಗೂ ಕಿತ್ತಾಡಿಕೊಂಡು ಸುಖವಾಗಿದ್ದರು.

ಭಾನುವಾರ ಮಧ್ಯಾಹ್ನ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಹೆದರಿಕೆಯ ಸಿನಿಮಾ ನೋಡುವ ಇವರ ಕೂಟ ಸೇರುತ್ತಿತ್ತು. ರೋಗಿಗಳು ಕಾಯುವ ಕೋಣೆಯಲ್ಲಿ ಕುರ್ಚಿಗಳಿಗೆ ಬರವಿಲ್ಲ, ಶಟರ್ ಅರ್ಧ ಇಳಿಸಿದರೆ ಕತ್ತಲೆಗೂ ಬರವಿಲ್ಲ. ಗೋಡೆಯ ಮೇಲಿದ್ದ ದೊಡ್ಡ ಹಲ್ಲಿನ ಚಿತ್ರ ತೆಗೆದು ಬಿಳಿ ಬೆಡ್‌ಶೀಟು ಕಟ್ಟಿದರೆ ಅದೇ ಪರದೆ. ಹೆದರುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಊರಿನಲ್ಲಿಲ್ಲ ಎಂದು ಬೇಕರಿಯವ ಪ್ರತಿ ವಾರ ಹೇಳುತ್ತಿದ್ದ. ಡಾಕ್ಟರು ಪ್ರತಿ ವಾರ ಹೊಸದಾಗಿ ಕೇಳಿದವರಂತೆ ನಗುತ್ತಿದ್ದರು. ಲೈಬ್ರರಿ ಮೇಡಂ ಎನ್ನುವ ನಿವೃತ್ತ ಹೆಂಗಸೊಬ್ಬರಿದ್ದರು. ರಕ್ತ ಕಂಡರೆ ಅದು ಭಯವಲ್ಲ, ಕಸಾಯಿಖಾನೆ ಎಂದು ಮೂಗು ಮುರಿಯುವವರು. ಬಾಗಿಲು ತಾನಾಗಿ ತೆರೆದುಕೊಂಡರೆ ಸಾಕು, ಅವರಿಗೆ ಆ ವಾರವೆಲ್ಲ ಹಬ್ಬ.

ಈ ಕೂಟಕ್ಕೊಂದು ಪದ್ಧತಿಯಿತ್ತು. ಹಳೆಯ ನಟರು ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿದ್ದ ಕಾಲ ಅದು. ಯಾರಾದರೂ ಹೋದ ಸುದ್ದಿ ಬಂದರೆ ಇವರು ಮೌನವಾಗಿ ನಿಲ್ಲುವುದಿಲ್ಲ, ಹಾರ ಹಾಕುವುದಿಲ್ಲ. ಆ ನಟ ತೆರೆಯ ಮೇಲೆ ಹೇಗೆ ಸತ್ತಿದ್ದನೋ ಹಾಗೆ ಇವರಲ್ಲೊಬ್ಬರು ಸತ್ತು ತೋರಿಸಬೇಕು. ಸತ್ತವರು ತಾವಾಗಿ ಏಳುವ ತನಕ ಯಾರೂ ಮಾತಾಡುವಂತಿಲ್ಲ, ಮುಟ್ಟುವಂತಿಲ್ಲ. ಎದ್ದ ಮೇಲೆ ಚಪ್ಪಾಳೆ, ಆಮೇಲೆ ಟೀ. ಇದರಲ್ಲಿ ಅಣ್ಣನನ್ನು ಮೀರಿಸುವವರಿರಲಿಲ್ಲ. ಅವನು ಸತ್ತು ಮಲಗಿದರೆ ಉಸಿರಾಡುವುದು ಕೂಡ ಕಾಣುತ್ತಿರಲಿಲ್ಲ.

ಹಿಂದಿನ ವರ್ಷ ಅವನು ಹೀಗೇ ಬಾವಿಗೆ ಬಿದ್ದವನಾಗಿ ಸತ್ತಾಗ ತಂಗಿ ಬೆರಳ ಸಂದಿಯಿಂದ ಇಣುಕಿ ನೋಡಿದ್ದಳು. ಜೀವ ಬಾಯಿಗೆ ಬಂದಂತಾಗಿ, ಕಿಟಾರನೆ ಕಿರುಚಿಕೊಂಡು ಬೀದಿಗೆ ಓಡಿ, ಮೂಲೆಯ ಔಷಧಿ ಅಂಗಡಿಯವನನ್ನು ಕೈಹಿಡಿದು ಎಳೆದುಕೊಂಡು ಬಂದಿದ್ದಳು. ಅಷ್ಟರಲ್ಲಿ ಅಣ್ಣ ಎದ್ದು ಕೂತು ಟೀಗೆ ಬಿಸ್ಕತ್ತು ಅದ್ದುತ್ತಿದ್ದ. ಎಲ್ಲರೂ ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕರು. ಅವತ್ತಿನಿಂದ ಅವಳ ಹೆಸರು ಪುಕ್ಕಲಿ. ಅಣ್ಣ ಮಾತ್ರ ನಗಲಿಲ್ಲ. "ನನ್ನ ಸಾವನ್ನೇ ಹಾಳು ಮಾಡ್ದೆ ಕಣೇ" ಎಂದು ಮುಖ ಊದಿಸಿಕೊಂಡ. ಇನ್ನೊಮ್ಮೆ ಬಾಯಿ ಬಿಡುವುದಿಲ್ಲವೆಂದು ಅವಳು ಮಾತು ಕೊಟ್ಟ ಮೇಲೆಯೇ ಅವನು ಸರಿಯಾದದ್ದು.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಈಚೆಗೆ ಮಾರ್ಕೆಟ್ಟಿನಿಂದ ಬರುವಾಗ ಅಣ್ಣ ದಾರಿ ಮಧ್ಯೆ ನಿಂತು ಎದೆ ಒತ್ತಿಕೊಂಡಿದ್ದ. ಕೇಳಿದರೆ, "ಗ್ಯಾಸು" ಎಂದ. ಮರುದಿನವೂ ಗ್ಯಾಸು. ಆಸ್ಪತ್ರೆಗೆ ಹೋಗೋಣವೆಂದರೆ, "ಕೂಟದವರ ಹತ್ರ ಬಾಯಿ ಬಿಟ್ರೆ ನೋಡು. ಅಯ್ಯೋ ಪಾಪ ಅಂತ ಸಾಯೋಕೆ ಬಿಡದೆ ನನ್ನನ್ನ ಕುರ್ಚೀಲಿ ಕೂರಿಸ್ಬಿಡ್ತಾರೆ" ಎಂದು ಕಣ್ಣು ಬಿಟ್ಟ. ಅಂದಿನಿಂದ ಅವಳ ಎದೆಯೊಳಗೆ ಹೊಕ್ಕ ಭಯ ಹೊರಗೆ ಹೋಗಲೇ ಇಲ್ಲ. ಸಿನಿಮಾದ ದೆವ್ವವಾದರೆ ಲೈಟು ಹಾಕಿದ ಕೂಡಲೇ ಹೋಗುತ್ತದೆ. ಇದು ಹಗಲಲ್ಲೂ ಅವಳ ಜೊತೆ ಮಷೀನಿನ ಮುಂದೆ ಕೂತಿರುತ್ತಿತ್ತು.

ಆ ವಾರ ಸತ್ತ ನಟನನ್ನು ಇವರೆಲ್ಲ ಬೆಳ್ಳಿಗಣ್ಣ ಎಂದು ಕರೆಯುತ್ತಿದ್ದರು. ಅವನು ತೆರೆಯ ಮೇಲಿಂದ ದಿಟ್ಟಿಸಿದರೆ ಮುಂದಿನ ಸಾಲಿನವರು ಸೀಟು ಬಿಟ್ಟು ಹಿಂದಕ್ಕೆ ಹೋಗುತ್ತಿದ್ದ ಕಾಲವೊಂದಿತ್ತಂತೆ.

"ಕನ್ನಡಿ ಮುಂದೆ ತಲೆ ಬಾಚ್ತಾನಲ್ಲ, ಅದೇ ನನಗೆ ಎಲ್ಲಕ್ಕಿಂತ ಇಷ್ಟ. ಕನ್ನಡೀಲಿ ಇರೋನು ಬಾಚೋದು ನಿಲ್ಲಿಸಿರ್ತಾನೆ, ಇವನು ಬಾಚ್ತಾನೇ ಇರ್ತಾನೆ" ಎಂದರು ಮೇಡಂ.

"ನನಗೆ ಅವನ ನಗು. ಆ ನಗು ಕೇಳಿ ಬಂದ ರಾತ್ರಿ ನಮ್ಮಮ್ಮನ ಸೆರಗು ಹಿಡ್ಕೊಂಡು ಮಲಗಿದ್ದೆ. ಆಗ ನನಗೆ ಮೀಸೆ ಬಂದಿತ್ತು, ಯಾರಿಗೂ ಹೇಳ್ಬೇಡಿ" ಎಂದ ಬೇಕರಿಯವ.

"ಅವೆಲ್ಲ ಬಿಡಿ" ಎಂದು ಅಣ್ಣ ಎದ್ದ. "ಅವನು ಮಾಡಿದ ಬಂಗಲೆ ಯಜಮಾನನ ಸಾವು. ಸತ್ತ ಹೆಂಡತಿ ಎದುರಿನ ಕುರ್ಚೀಲಿ ಕೂತಿರ್ತಾಳೆ. ಇವನು ನೋಡ್ತಾನೆ, ಎದೆ ಹಿಡ್ಕೋತಾನೆ, ಬೀಳ್ತಾನೆ. ನಾನು ಆ ರೀಲನ್ನ ಎಷ್ಟು ಸಲ ಓಡಿಸಿದೀನೋ. ಅದು ನಂದು."

ತಂಗಿ ಅವನ ತೋಳು ಹಿಡಿದಳು. "ಅಣ್ಣ, ಅದು ಬೇಡ. ಬೇರೆ ಯಾವುದಾದ್ರೂ ಮಾಡು" ಎಂದಳು.

"ಬಂದ್ಲು ನೋಡಿ ಪುಕ್ಕಲಿ!" ಎಂದು ಬೇಕರಿಯವ ಅಣ್ಣನೆದುರಿಗೆ ಒಂದು ಖಾಲಿ ಕುರ್ಚಿ ಎಳೆದಿಟ್ಟ. ಡಾಕ್ಟರು ಲೈಟು ಆರಿಸಿದರು. ಶಟರಿನ ಕೆಳಗಿನಿಂದ ಒಂದು ಪಟ್ಟಿ ಬೆಳಕು ಮಾತ್ರ ಉಳಿಯಿತು. ಅವಳು ಅಂಗೈಗಳನ್ನು ಮುಖಕ್ಕೆ ಒತ್ತಿಕೊಂಡಳು.

ಕಣ್ಣು ಮುಚ್ಚಿದವರಿಗೆ ಕಿವಿ ಚುರುಕು. ಅಣ್ಣನ ಚಪ್ಪಲಿ ನೆಲಕ್ಕೆ ಉಜ್ಜಿದ್ದು ಕೇಳಿಸಿತು. ಉಸಿರು ಸಿಕ್ಕಿಹಾಕಿಕೊಂಡಂತೆ ಒಂದು ಸದ್ದು. ಯಾರೋ ಮೆಚ್ಚಿ "ಆಹಾ" ಎಂದು ಪಿಸುಗುಟ್ಟಿದರು. ಆಮೇಲೆ ಅಣ್ಣ ಬಿದ್ದ.

ಅಣ್ಣ ಬೀಳುವುದು ಹೇಗೆಂದು ಅವಳಿಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿರಲಿಲ್ಲ. ಅವನು ಮನೆಯಲ್ಲಿ ಗೋಡೆಯಾಚೆ ಸಾಯುವ ತಾಲೀಮು ಮಾಡುವಾಗೆಲ್ಲ ಈಚೆ ಕೂತು ಕಾಜಾ ಹಾಕುತ್ತಿದ್ದವಳು ಅವಳೇ. ಮೊದಲು ಅಂಗೈ, ಆಮೇಲೆ ಸೊಂಟ, ಕಟ್ಟಕಡೆಗೆ ಮಗುವನ್ನು ಮಲಗಿಸಿದ ಹಾಗೆ ಮೆಲ್ಲಗೆ ತಲೆ. ಧಪ್, ಧಪ್, ತಟ್. ಎಷ್ಟು ಘೋರವಾದ ಸಾವಾದರೂ ಅವನು ಬೀಳುತ್ತಿದ್ದುದು ಮೂರು ಸದ್ದಿನಲ್ಲೇ.

ಈಗ ಕೇಳಿಸಿದ್ದು ಒಂದೇ ಸದ್ದು.

ಅವಳು ಮೈಯೆಲ್ಲ ಕಿವಿಯಾಗಿ ಕಾದಳು. ಕೋಣೆ ನಿಶ್ಶಬ್ದ. ಎಲ್ಲರೂ ಪದ್ಧತಿಯಂತೆ ಬಾಯಿ ಕಟ್ಟಿಕೊಂಡು ನೋಡುತ್ತಿದ್ದರು, ಮನಸಾರೆ ಮೆಚ್ಚಿಕೊಂಡು. ಕೂಗಬೇಕೆಂದುಕೊಂಡಳು. ಔಷಧಿ ಅಂಗಡಿಯವನು, ಬಿಸ್ಕತ್ತು, ಆ ನಗು, ಅಣ್ಣನ ಊದಿದ ಮುಖ ಎಲ್ಲ ನೆನಪಾಯಿತು. ಮತ್ತೆ ಹಾಳು ಮಾಡಿದರೆ ಅವನು ಇನ್ನು ಮಾತೇ ಆಡಲಿಕ್ಕಿಲ್ಲ. ಆಡದಿದ್ದರೆ ಆಡದಿರಲಿ, ಬದುಕಿ ಆಡದಿರಲಿ ಎಂದುಕೊಂಡು ಮುಖದಿಂದ ಕೈ ತೆಗೆದಳು.

"ಲೈಟ್ ಹಾಕಿ!"

"ಶ್!" ಎಂದರು ಮೇಡಂ.

"ಡಾಕ್ಟ್ರೇ, ಇದು ನಾಟಕ ಅಲ್ಲ. ಅಣ್ಣ ಹೀಗೆ ಬೀಳಲ್ಲ!"

"ಈ ಪುಕ್ಕಲಿಗೆ ಇದೇ ಆಯ್ತು" ಎಂದು ಬೇಕರಿಯವ ಕಿಸಕ್ಕನೆ ನಕ್ಕ. ಅವಳು ಅವನ ಕಾಲು ತುಳಿದುಕೊಂಡೇ ಓಡಿ ಸ್ವಿಚ್ಚು ಒತ್ತಿದಳು. ಆಮೇಲೆ ಡಾಕ್ಟರ ಅಂಗಿಯ ಕಾಲರ್ ಹಿಡಿದು ನೆಲಕ್ಕೆ ಎಳೆದಳು. ನಗುತ್ತಲೇ ಮಂಡಿಯೂರಿದ ಡಾಕ್ಟರು ಅಣ್ಣನ ಕತ್ತಿಗೆ ಬೆರಳಿಟ್ಟರು. ಅವರ ಮುಖದ ನಗು ಇಳಿಯಿತು. ಅಷ್ಟು ವರ್ಷ ಅಷ್ಟು ಸಿನಿಮಾಗಳಲ್ಲಿ ಅವಳು ನೋಡದೆ ತಪ್ಪಿಸಿಕೊಂಡ ಭಯವೆಲ್ಲ ಆ ಒಂದು ಮುಖದಲ್ಲಿತ್ತು.

"ಆಂಬುಲೆನ್ಸ್" ಎಂದು ಅವರು ಕೂಗಿದರು. ಎರಡೂ ಕೈ ಜೋಡಿಸಿ ಅಣ್ಣನ ಎದೆ ಒತ್ತತೊಡಗಿದರು. ಬೇಕರಿಯವ ಫೋನಿನಲ್ಲಿ ತಪ್ಪುತಪ್ಪು ನಂಬರು ಒತ್ತುತ್ತಿದ್ದ. ಮೇಡಂ ಅದನ್ನು ಕಿತ್ತುಕೊಂಡು ತಾವೇ ಮಾತಾಡಿದರು. ತಂಗಿ ಕಣ್ಣು ಮುಚ್ಚಲಿಲ್ಲ. ಮುಚ್ಚಿದರೆ ಅವನು ಹೋಗಿಬಿಡುತ್ತಾನೆ ಎಂದು ಅವಳಿಗೆ ಹೇಗೋ ಅನ್ನಿಸಿಬಿಟ್ಟಿತ್ತು.

ಅಣ್ಣ ಹೋಗಲಿಲ್ಲ. ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದರು ಆಸ್ಪತ್ರೆಯ ದೊಡ್ಡ ಡಾಕ್ಟರು. ಕಾರಿಡಾರಿನ ಬೆಂಚಿನಲ್ಲಿ ಕೂಟದವರು ಸಾಲಾಗಿ ಕೂತಿದ್ದರು, ಯಾರೂ ಯಾವ ಸಿನಿಮಾದ ಮಾತೂ ಆಡದೆ. "ನಾನು ನಕ್ಕೆ ಕಣಮ್ಮ" ಎಂದು ಬೇಕರಿಯವ ಅವಳೆದುರು ನಿಂತು ಮಗುವಿನ ಹಾಗೆ ಅತ್ತ.

ಮನೆಗೆ ಬಂದ ಮೇಲೆ ಅಣ್ಣ ಬೇಗ ಚೇತರಿಸಿಕೊಂಡ. ಚೇತರಿಸಿಕೊಳ್ಳದೆ ಹೋದವಳು ತಂಗಿ. ಅವನು ಮಧ್ಯಾಹ್ನ ಮಲಗಿದರೆ ಅರ್ಧ ಹೊಲಿದ ಬಟ್ಟೆ ಬಿಟ್ಟು ಎದ್ದು ಬಾಗಿಲಲ್ಲಿ ನಿಲ್ಲುವಳು. ಉಸಿರು ಕೇಳಿಸಿದರೆ ಹೋಗುವಳು, ಮತ್ತೆ ಬರುವಳು.

ಒಂದು ಮಧ್ಯಾಹ್ನ ಬಂದು ನಿಂತಾಗ ಉಸಿರು ಕೇಳಿಸಲಿಲ್ಲ. ಅಣ್ಣ ಅಂಗಾತ ಮಲಗಿದ್ದ. ಎದೆ ಏಳುತ್ತಿರಲಿಲ್ಲ, ಇಳಿಯುತ್ತಿರಲಿಲ್ಲ. ಅವಳ ಕೈಯ ಕತ್ತರಿ ನೆಲಕ್ಕೆ ಬಿತ್ತು. ಕೂಗಲಿಲ್ಲ, ಓಡಲಿಲ್ಲ; ಬಾಗಿಲ ಚೌಕಟ್ಟಿಗೆ ಒರಗಿ ಜಾರಿ ಅಲ್ಲೇ ಕುಸಿದಳು.

ಅಣ್ಣ ಒಂದು ಕಣ್ಣು ತೆರೆದ. "ಹೆದರಿದ್ಯಾ?" ಎಂದು ಹಳೆಯ ಚೇಷ್ಟೆಯಲ್ಲಿ ಕೇಳಿ ನಗಲು ಹೊರಟವನು ಅವಳ ಮುಖ ನೋಡಿ ನಗು ನುಂಗಿಕೊಂಡ. ಜೀವನವಿಡೀ ಭಯವನ್ನು ದೊಡ್ಡ ಪರದೆಯ ಮೇಲೆ ಓಡಿಸಿದವನು ಅದನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಎದ್ದು ಬಂದು ಅವಳ ಪಕ್ಕ ನೆಲದ ಮೇಲೆ ಕೂತ. ತಲೆ ಸವರಿದ. "ಇನ್ನು ಮಾಡಲ್ಲ ಕಣೇ" ಎಂದ.

ಮರುದಿನ ಮಧ್ಯಾಹ್ನ ಅವನು ಮಲಗಿದ ಕೂಡಲೇ ಗೋಡೆಯಾಚೆಯಿಂದ ಗೊರಕೆ ಕೇಳಿಸಿತು. ಗೊರಕೆಯೆಂದರೆ ಅಂಥಿಂಥದ್ದಲ್ಲ, ಬೀದಿಯ ನಾಯಿ ಎದ್ದು ಬೊಗಳುವಂಥದ್ದು. ಅಣ್ಣ ಹುಟ್ಟಿದಾರಭ್ಯ ಗೊರಕೆ ಹೊಡೆದವನಲ್ಲ. ಅವಳು ಮೆಲ್ಲಗೆ ಹೋಗಿ ಇಣುಕಿದಳು. ಅವನು ಸೂರು ನೋಡುತ್ತಾ, ಕಣ್ಣು ಬಿಟ್ಟುಕೊಂಡೇ ಗೊರಕೆ ಹೊಡೆಯುತ್ತಿದ್ದ. ಅವಳು ಸದ್ದು ಮಾಡದೆ ಹಿಂದಿರುಗಿ ಬಂದು ಸೂಜಿಗೆ ದಾರ ಪೋಣಿಸಿದಳು.