ರಂಗೋಲಿ ಬಿದ್ದ ಬಾಗಿಲು

ಸುಟ್ಟ ಮನೆಯ ಮುಂದೆ ಯಾರಾದರೂ ರಂಗೋಲಿ ಇಡುತ್ತಾರೆಯೇ? ಯಶೋದಮ್ಮ ಇಡುತ್ತಿದ್ದಳು. ಸ್ಟವ್ ಸಿಡಿದು ರಾಜಾಜಿನಗರದ ಆ ಹೆಂಚಿನ ಮನೆ ಉರಿದುಹೋದ ಮೇಲೆ ಬಸವೇಶ್ವರನಗರದಲ್ಲಿ ಒಂದು ಬಾಡಿಗೆ ಕೋಣೆ ಹಿಡಿದಿದ್ದಳು. ಆದರೂ ದಿನಾ ಬೆಳಗ್ಗೆ ಅಷ್ಟು ದೂರ ನಡೆದು ಬಂದು, ಮಸಿ ಹಿಡಿದ ಬಾಗಿಲ ಮುಂದೆ ನೀರು ಚಿಮುಕಿಸಿ, ಚುಕ್ಕಿ ಇಟ್ಟು, ಎಳೆ ಎಳೆದು ಹೋಗುತ್ತಿದ್ದಳು. ಮುದುಕಿಗೆ ಇದೆಂಥ ಹುಚ್ಚು ಎಂದು ಬೀದಿ ಆಡಿಕೊಂಡಿತು. ಆಡಿಕೊಳ್ಳಲಿ ಬಿಡಿ, ಊರ ಬಾಯಿಗೆ ಬೀಗ ಹಾಕಿದವರುಂಟೇ?

ಆ ಹುಚ್ಚಿಗೆ ಒಂದು ಹೆಸರಿತ್ತು, ತುಂಗಾ. ಒಬ್ಬಳೇ ಮಗಳು. ಮನೆ ಸುಡುವುದಕ್ಕೂ ಮೊದಲೇ ಟೈಪಿಂಗ್ ಕ್ಲಾಸಿನ ಹುಡುಗನೊಬ್ಬನ ಜೊತೆ ಹೊರಟುಹೋಗಿದ್ದಳು. ಯಶೋದಮ್ಮ ಬೀದಿಗೆ ಹೇಳಿದ್ದೇ ಬೇರೆ, ಮಗಳು ಶಿವಮೊಗ್ಗದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದಾಳೆ ಎಂದು. ಆದರೆ ತುಂಗಾ ಒಂದಲ್ಲ ಒಂದು ದಿನ ಬಂದೇ ಬರುತ್ತಾಳೆ. ಬಂದವಳು ಕರಿ ಗೋಡೆ ಕಂಡು, ಅಮ್ಮ ಸತ್ತಳೆಂದುಕೊಂಡು ವಾಪಸು ಹೋಗಬಾರದು. ಹೊಸ ರಂಗೋಲಿ ಕಂಡರೆ ಅಮ್ಮ ಇದ್ದಾಳೆ ಎಂದು ತಿಳಿಯುತ್ತದೆ, ಕಾಯುತ್ತಾಳೆ. ಅಕ್ಕಪಕ್ಕದವರನ್ನು ಕೇಳಿಕೊಂಡು ಬರಲಿ ಎಂದರೆ, ಪಾಪ, ಯಾವ ಮುಖ ಹೊತ್ತು ಕೇಳುತ್ತಾಳೆ ಆ ಹುಡುಗಿ?

ಎಂಬತ್ತಾರರ ಮಳೆಗಾಲಕ್ಕೆ ಮುಂಚೆ ಕಾರ್ಪೊರೇಷನ್ನಿನವರು ಪಾಳುಮನೆಗಳನ್ನು ಕೆಡವಲು ಹೊರಟರು. ದಾರಿಗೆ ವಾಲಿದ್ದು ಮೊದಲು, ಕುಡುಕರು ಸೇರುವುದು ಆಮೇಲೆ, ಯಾರ ತಂಟೆಗೂ ಬಾರದೆ ನಿಂತದ್ದು ಕಟ್ಟಕಡೆಗೆ. ಯಶೋದಮ್ಮನ ಮನೆಯ ಪಕ್ಕದ ಗೋಡೆ ಮಕ್ಕಳು ಸ್ಕೂಲಿಗೆ ಹೋಗುವ ಓಣಿಗೇ ವಾಲಿತ್ತು. ಓವರ್‌ಸಿಯರ್ ವೆಂಕಟಗಿರಿ ಅದರ ಮೇಲೆ ಕೆಂಪು ಬಣ್ಣದಲ್ಲಿ ‘ಒಂದು’ ಎಂದು ಬರೆಸಿದ.

ಕೆಡವುವ ದಿನ ಮೇಸ್ತ್ರಿ ಮುನಿರಾಮಯ್ಯ ಬಾಗಿಲ ಮುಂದೆ ನೋಡಿದವನೇ ಹಾರೆ ಕೆಳಗಿಟ್ಟ.

"ರಂಗೋಲಿ ಬಿದ್ದೈತೆ ಸಾರ್. ನಾನು ಕೈ ಹಾಕಲ್ಲ."

"ಅಯ್ಯೋ ಮೇಸ್ತ್ರಿ, ಮೇಲೆ ಸೂರೇ ಇಲ್ವಲ್ರೀ!"

"ಸೂರಿಲ್ದಿದ್ರೇನ್ ಸಾರ್? ಸಾವಾದ ಮನೆ ಮುಂದೆ ಯಾರೂ ಇಡಲ್ಲ. ಇಟ್ಟವ್ರೆ ಅಂದ್ರೆ ಮನೆ ಬದುಕೈತೆ ಅಂತ ತಾನೆ?"

ಆಳುಗಳೂ ಮೇಸ್ತ್ರಿಯ ಕಡೆಗೇ ನಿಂತರು. ವೆಂಕಟಗಿರಿ ಗೊಣಗಿಕೊಂಡು ಅವರನ್ನು ಎರಡನೆಯ ಮನೆಗೆ ಕರೆದೊಯ್ದ, ಆಮೇಲೆ ಮೂರನೆಯದಕ್ಕೆ. ಸುದ್ದಿ ಕೇಳಿದ ಯಶೋದಮ್ಮನಿಗೆ ಒಳಗೊಳಗೇ ಖುಷಿಯೋ ಖುಷಿ. ಮಾರನೆಯ ದಿನ ಇನ್ನೂ ದೊಡ್ಡ ರಂಗೋಲಿ ಇಟ್ಟಳು.

ಮಳೆ ಶುರುವಾಯಿತು. ಒಂದು ಬೆಳಗ್ಗೆ ಅವಳು ಎಳೆ ಎಳೆಯುತ್ತಿರುವಾಗಲೇ ಪಕ್ಕದ ಗೋಡೆಯ ಒಂದು ಭಾಗ ಓಣಿಗೆ ಧೊಪ್ಪೆಂದು ಬಿತ್ತು. ಎದುರುಮನೆ ಗಿರಿಜಾದೇವಿಯ ಮಗಳು ಕೂದಲೆಳೆಯಲ್ಲಿ ಪಾರಾದಳು. ಗಿರಿಜಾದೇವಿ ಓಡಿಬಂದು ಮಗಳನ್ನು ತಬ್ಬಿ, ಬೆನ್ನಿಗೆ ಎರಡು ಬಾರಿಸಿ, ಮತ್ತೆ ತಬ್ಬಿ ಅತ್ತಳು.

"ನಿಂಗೇನಾದ್ರೂ ಆಗಿದ್ರೆ ನಾನೇನ್ ಮಾಡ್ಲೇ?"

ಯಶೋದಮ್ಮ ರಂಗೋಲಿ ಬಟ್ಟಲನ್ನು ಅಲ್ಲೇ ಬಿಟ್ಟು ಎದ್ದಳು. ತನ್ನ ಮಗಳಿಗೆಂದು ಉಳಿಸಿಕೊಂಡ ಗೋಡೆ ಇನ್ನೊಬ್ಬಳ ಮಗಳನ್ನು ನುಂಗುವುದರಲ್ಲಿತ್ತು. ಎಂಥ ಪಾಪಿ ನಾನು ಎಂದುಕೊಂಡಳು. ನೆಟ್ಟಗೆ ಹೋಗಿ ವೆಂಕಟಗಿರಿಯನ್ನು ಕಂಡಳು.

"ನಾಳೆ ಬಂದು ಕೆಡವಿ ಸ್ವಾಮಿ. ನಾನು ರಂಗೋಲಿ ಇಡಲ್ಲ."

ಮರುದಿನ ಮಧ್ಯಾಹ್ನದ ಹೊತ್ತಿಗೆ ಮನೆ ನೆಲಸಮವಾಯಿತು. ಯಶೋದಮ್ಮ ಎದುರಿನ ಜಗಲಿಯ ಮೇಲೆ ಕೂತು ನೋಡಿದಳು. ಇನ್ನು ತುಂಗಾ ಬಂದರೆ ಯಾವ ಬಾಗಿಲು ಹುಡುಕುತ್ತಾಳೆ? ಮಗಳ ಮುಖ ಒಂದೇ ಒಂದು ಸಲ ಕಂಡರೆ ಸಾಕು, ಬೇರೇನೂ ಬೇಡ ಎನ್ನಿಸಿತು. ಮಾನ ಕಟ್ಟಿಕೊಂಡು ಏನಾಗಬೇಕಿದೆ ಇನ್ನು? ಎದ್ದು ಗಿರಿಜಾದೇವಿಯ ಬಾಗಿಲು ತಟ್ಟಿದಳು.

"ನನ್ ತುಂಗಾ ಶಿವಮೊಗ್ಗದಲ್ಲಿಲ್ಲ ಕಣಮ್ಮ. ಒಬ್ಬನ ಜೊತೆ ಹೋಗ್ಬಿಟ್ಳು, ಎಲ್ಲಿದಾಳೋ ಗೊತ್ತಿಲ್ಲ. ಇಲ್ಲಿಗೇನಾದ್ರೂ ಬಂದ್ರೆ ನಾನಿರೋ ಜಾಗ ತೋರಿಸ್ತೀಯಾ?"

ಗಿರಿಜಾದೇವಿ ತಲೆ ತಗ್ಗಿಸಿದಳು.

"ಬಂದಿದ್ಲು ಯಶೋದಮ್ಮ. ಸಂಕ್ರಾಂತಿ ಆದ್ಮೇಲೆ ಒಂದಿನ ಸಾಯಂಕಾಲ. ಕತ್ತಲಾಗೋವರ್ಗೂ ನಿಮ್ ರಂಗೋಲಿ ಪಕ್ಕನೇ ಕೂತಿದ್ಲು. ಯಾರಾದ್ರೂ ಕರೀತಾರೇನೋ ಅಂತ ಒಂದೊಂದ್ ಮನೇನೂ ನೋಡಿದ್ಲು. ನಮ್ಗೆಲ್ಲ ನಿಜ ಗೊತ್ತಿತ್ತು. ಆದ್ರೆ ನೀವು ಶಿವಮೊಗ್ಗ ಅಂತಿದ್ರಲ್ಲ, ನಿಮ್ ಮಾನ ಹೋಗ್ಬಾರ್ದು ಅಂತ ನಾವೆಲ್ಲ ಕಂಡ್ರೂ ಕಾಣದ ಹಾಗೆ ಬಾಗಿಲು ಹಾಕ್ಕೊಂಡ್ವಿ."