ಮೋಹಿನಿಗೆಂದೇ ಮಾಡಿದ ವಿಳಾಸ

ಬೆಳಕವಾಡಿಯ ಗಂಡನ ಮನೆ ಬಿಟ್ಟು ಬಂದ ಮೇಲೆ ಮಂಜುಶ್ರೀ ಮೊದಲು ಬದಲಾಯಿಸಿದ್ದು ಫೋನ್ ನಂಬರು, ಆಮೇಲೆ ಇಮೇಲು. ಮಂಡ್ಯದಲ್ಲಿ ಒಂದು ರೂಮು ಹಿಡಿದಿದ್ದಳು. ಅಲ್ಲಿಯ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ಮಣ್ಣು ಪರೀಕ್ಷೆಯ ಕೆಲಸ ಸಿಕ್ಕಿತ್ತು. ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಮುಸರತ್ ಒಂದು ಮಧ್ಯಾಹ್ನ ಊಟದ ಡಬ್ಬಿ ಪಕ್ಕಕ್ಕೆ ಸರಿಸಿ, ಅವಳಿಗೆ ಹೊಸ ಖಾತೆ ತೆರೆದುಕೊಟ್ಟಳು.

"ಎಲ್ಲರಿಗೂ ಒಂದೇ ವಿಳಾಸ ಕೊಡ್ಬೇಡ ಮಂಜು. ಅಲಿಯಾಸ್ ಮಾಡ್ಕೊಳ್ಳೋಣ."

"ಅಲಿಯಾಸ್ ಅಂದ್ರೆ? ಪೇಪರ್‌ನಲ್ಲಿ ಕಳ್ಳರ ಎಸರಿನ್ ಜೊತೆ ಬತ್ತದಲ್ಲ, ಅದಾ?"

ಮುಸರತ್ ನಕ್ಕಳು. "ಅದೇ ಅನ್ಕೋ. ಬ್ಯಾಂಕಿಗೆ ಒಂದು ಹೆಸರು, ಗ್ಯಾಸಿನವರಿಗೆ ಒಂದು, ಲಾಯರಿಗೆ ಒಂದು. ಎಲ್ಲಾ ಬಂದು ಬೀಳೋದು ನಿನ್ನ ಒಂದೇ ಇನ್‌ಬಾಕ್ಸಿಗೆ. ಬೇಡದೋರು ಯಾರಾದ್ರೂ ಬರೆದ್ರೆ ಆ ಒಂದು ಹೆಸರು ಮುಚ್ಚಿದ್ರಾಯ್ತು. ಯಾರ ಕಡೆಯಿಂದ ಹೋಯ್ತು ಅಂತಾನೂ ಗೊತ್ತಾಗ್ತದೆ."

ಕೊನೆಗೆ ಮಂಜುಶ್ರೀ ಇನ್ನೊಂದು ಬೇಕೆಂದಳು. ಅದು ಮೋಹಿನಿಗೆ.

ತಮ್ಮೂರು ಕೊಪ್ಪದ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದ ಗೆಳತಿ ಮೋಹಿನಿ. ಈಗ ಮದ್ದೂರಿನಲ್ಲಿ ಗಂಡ ಶಿವಣ್ಣನ ಜೊತೆ ಜೆರಾಕ್ಸ್ ಅಂಗಡಿ ನಡೆಸುತ್ತಿದ್ದಳು. ಆ ಶಿವಣ್ಣ ಮಂಜುಶ್ರೀಯ ಗಂಡ ಸಿದ್ದೇಶನಿಗೆ ಚಿಕ್ಕಪ್ಪನ ಮಗ. ಹಾಗಾಗಿ ಫೋನಿನಲ್ಲಿ ಮಾತಾಡುವುದು ಬೇಡ, ಮೇಲ್‌ನಲ್ಲೇ ಬರೆಯೋಣ ಎಂದು ಗೆಳತಿಯರು ಒಪ್ಪಿಕೊಂಡರು. ಊರಿಗೆ ಹೋದಾಗಲೆಲ್ಲ ಮೋಹಿನಿ, ಫೋನಿಲ್ಲದ ಮಂಜುಶ್ರೀಯ ತಾಯಿ ಚಲುವಮ್ಮನ ಫೋಟೋ ತೆಗೆದು ಕಳಿಸುತ್ತಿದ್ದಳು. ಹಸು ಕರು ಹಾಕಿದ್ದು, ಗದ್ದೆಗೆ ನೀರು ಬಿಟ್ಟದ್ದು, ಅವ್ವನ ಮಂಡಿನೋವು, ಎಲ್ಲ ಸುದ್ದಿಯೂ ಆ ವಿಳಾಸಕ್ಕೆ ಬರುತ್ತಿತ್ತು. ಅದರ ಹೆಸರು ಕಂಡರೆ ಸಾಕು, ಮಂಜುಶ್ರೀಯ ಮುಖ ಅರಳುತ್ತಿತ್ತು.

ಒಂದು ಬೆಳಿಗ್ಗೆ ಅದೇ ಹೆಸರಿಗೆ ಮೇಲ್ ಬಂತು. ಬರೆದವನು ಸಿದ್ದೇಶ.

'ಸಾಕು ಮನೆಗೆ ಬಾ. ನೀನು ಎಲ್ಲಿದ್ದೀಯ ಅಂತ ಹುಡುಕೋದು ನನಗೇನೂ ಕಷ್ಟ ಅಲ್ಲ.'

ಯಾವ ವಿಳಾಸಕ್ಕೆ ಬಂದಿದೆ ಎಂದು ಮಂಜುಶ್ರೀ ಮತ್ತೆ ಮತ್ತೆ ನೋಡಿದಳು. ಬ್ಯಾಂಕಿನದಲ್ಲ, ಲಾಯರದ್ದಲ್ಲ. ಶಿವಣ್ಣ ಹೆಂಡತಿಯ ಫೋನು ಕದ್ದು ನೋಡಿರಬೇಕು, ಇನ್ನೇನು? ಹಾಗೇ ಆಗಿರಲಿ ಎಂದು ಬೇಡಿಕೊಳ್ಳುತ್ತಲೇ ಅವಳು ಮದ್ದೂರಿನ ಬಸ್ಸು ಹತ್ತಿದಳು.

ಅಂಗಡಿಯಲ್ಲಿ ಮೋಹಿನಿ ಒಬ್ಬಳೇ ಇದ್ದಳು. ಯಾರದೋ ಆಧಾರ್ ಕಾರ್ಡಿಗೆ ಲ್ಯಾಮಿನೇಷನ್ ಹಾಕುತ್ತಿದ್ದವಳು ಮಂಜುಶ್ರೀಯನ್ನು ಕಂಡೊಡನೆ ಕೆಲಸ ನಿಲ್ಲಿಸಿದಳು.

"ಶಿವಣ್ಣ ನಿನ್ ಫೋನ್ ತಗದು ನೋಡಿದ್ನೇನೇ?"

ಹೌದು ಅಂದುಬಿಡು, ನಂಬುತ್ತೀನಿ, ಎಂದು ಮಂಜುಶ್ರೀಯ ಮನಸ್ಸು ಕೂಗುತ್ತಿತ್ತು.

"ಇಲ್ಲ ಕಣೇ," ಎಂದಳು ಮೋಹಿನಿ. "ನಾನೇ ಕೊಟ್ಟೆ. ಸಿದ್ದೇಶ ವಾರವಾರ ಬಂದು ಇಲ್ಲೇ ಕುಂತ್ಕೊಂಡು ಅಳೋನು. ಊಟ ಬುಟ್ಟು ಸೊರಗೋಗವ್ನೆ. ನಾಕು ಮಾತು ಬರ್ದು ಮನಸು ಅಗುರ ಮಾಡ್ಕಳ್ಲಿ ಅಂತ ಕೊಟ್ಟೆ."

"ಅವ್ನು ನನ್ ಕೈ ಮುರಿದಾಗ ಆಸ್ಪತ್ರೇಲಿ ಪಕ್ಕದಲ್ಲಿ ಕುಂತಿದ್ದೋಳು ನೀನೇ ಅಲ್ವಾ?"

"ಕುಂತಿದ್ದೆ. ಆದ್ರೆ ನೀನೇ ಮೆಟ್ಲು ಮೇಲಿಂದ ಜಾರಿದ್ದು ಅಂತಾನೆ ಅವ್ನು. ನೀನೂ ಸಿಟ್ನೋಳು ಮಂಜು. ಇಬ್ರದೂ ತಪ್ಪಿರ್ಬೌದು ಅಂತ ನಂಗೆ ಮೊದ್ಲಿಂದ್ಲೂ ಅನ್ಸೋದು."

ಮೊದ್ಲಿಂದ್ಲೂ. ವಿಳಾಸ ಕೊಟ್ಟದ್ದಕ್ಕಿಂತ ಆ ಮಾತು ಹೆಚ್ಚು ನೋಯಿಸಿತು. ಆಸ್ಪತ್ರೆಯಲ್ಲಿ ತಲೆ ಸವರುವಾಗಲೂ, ಅವ್ವನ ಫೋಟೋ ಕಳಿಸುವಾಗಲೂ ಮೋಹಿನಿ ತನ್ನ ಮಾತನ್ನು ನಂಬಿರಲೇ ಇಲ್ಲ. ಅಷ್ಟು ದಿನವೂ ತಾನು ಒಬ್ಬಳೇ ಇದ್ದದ್ದು.

"ನನ್ ರೂಮು ಎಲ್ಲೈತೆ ಅಂತಾನೂ ಏಳಿದ್ಯಾ?"

"ಕೇಳ್ದ. ಏಳಿಲ್ಲ. ನಮ್ಮವ್ವನಾಣೆ ಏಳಿಲ್ಲ ಕಣೇ!" ಮೋಹಿನಿ ಅಳುತ್ತಾ ಅವಳ ಕೈ ಹಿಡಿಯಲು ಬಂದಳು.

ನಿಜವನ್ನೇ ಹೇಳುತ್ತಿದ್ದಳೋ ಏನೋ. ನಂಬಲು ಮಂಜುಶ್ರೀಗೆ ಆಗಲಿಲ್ಲ. "ಬುಡು," ಎಂದು ಕೈ ಬಿಡಿಸಿಕೊಂಡು ರಸ್ತೆಗೆ ಇಳಿದಳು.

ಸಿದ್ದೇಶನ ಇಮೇಲನ್ನು ಲಾಯರಿಗೆ ಕಳಿಸಿ, ಮದ್ದೂರಿನ ಬಸ್ ನಿಲ್ದಾಣದಲ್ಲೇ ನಿಂತು ಆ ಒಂದು ಹೆಸರನ್ನು ಮುಚ್ಚಿದಳು. ಬ್ಯಾಂಕು, ಗ್ಯಾಸು, ಲಾಯರು ಎಲ್ಲ ಹಾಗೆಯೇ ಉಳಿದವು. ಆ ವಾರವೇ ರೂಮು ಖಾಲಿ ಮಾಡಿ ಮುಸರತ್‌ಳ ಮನೆಯ ಮಹಡಿಗೆ ಬಂದಳು. ಅವ್ವನ ಸುದ್ದಿಗೆ ಊರಿನಲ್ಲಿ ಅವಳ ಪಕ್ಕದ ಮನೆಯ ದೀಪಿಕಳನ್ನು ಕೇಳಬೇಕಾಯಿತು. ಆ ಹುಡುಗಿ ಒಂದೆರಡು ಮಾತಿನಲ್ಲೇ ಮುಗಿಸುತ್ತಿದ್ದಳು.

ಮುಂದಿನ ಬೇಸಿಗೆಯಲ್ಲಿ ಮಂಡ್ಯದ ಕೋರ್ಟಿನಲ್ಲಿ ವಿಚ್ಛೇದನವಾಯಿತು. ಹೊರಗೆ ಬಂದ ಮಂಜುಶ್ರೀ ಬಿಸಿಲಿನಲ್ಲೇ ನಿಂತು ಫೋನು ತೆಗೆದು, 'ಮೋಹಿನಿ, ಮುಗೀತು ಕಣೇ' ಎಂದು ಬರೆದಳು. ಬರೆದ ಮೇಲೆ ತಾನು ಮಾಡುತ್ತಿರುವುದೇನೆಂದು ಹೊಳೆಯಿತು. ಒಂದೊಂದೇ ಅಕ್ಷರ ಅಳಿಸಿದಳು.

"ಯಾರಿಗೆ ಹೇಳ್ಬೇಕು?" ಜೊತೆಗೆ ಬಂದಿದ್ದ ಮುಸರತ್ ಕೇಳಿದಳು.

"ಅವ್ವಂಗೆ," ಎಂದಳು ಮಂಜುಶ್ರೀ. "ಕೊಪ್ಪಕ್ಕೆ ಓಗಿ ನಾನೇ ಏಳ್ತೀನಿ."