ಎಡಕ್ಕೆ ವಾಲಿದ ದನಿ

ಹೆಡ್‌ಫೋನ್ ಹೋಲಿಸುವುದು ನನ್ನ ಹೊಟ್ಟೆಪಾಡು. ಅಂಗಡಿಯ ಹಿಂಭಾಗದಲ್ಲಿ ಗೋಡೆಗೆಲ್ಲ ದಪ್ಪ ಬಟ್ಟೆ ಹೊಡೆದ ಒಂದು ಕೋಣೆಯಿದೆ. ದುಬಾರಿ ಮಾಲಿನ ಗಿರಾಕಿಗಳನ್ನು ಅಲ್ಲಿ ಕೂರಿಸಿ, ಒಂದಾದ ಮೇಲೊಂದು ತಲೆಗೆ ಹಾಕಿ, 'ಇದರಲ್ಲಿ ಪಿಟೀಲು ಹತ್ತಿರ ಬರುತ್ತೆ, ಅದರಲ್ಲಿ ಡೋಲು ಎದೆಗೆ ಬಡಿಯುತ್ತೆ' ಎಂದು ಹೇಳುವುದು ನನ್ನ ಕೆಲಸ. ಅಂಗಡಿಯಲ್ಲಿ ನನ್ನನ್ನು ಕರೆಯುವುದೇ 'ಕಿವಿ' ಎಂದು. 'ಕಿವಿ ಊಟಕ್ಕೆ ಹೋಗಿದೆ, ಈಗ ಬರುತ್ತೆ' ಎಂದು ಯಜಮಾನರು ಗಿರಾಕಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ.

ಅಣ್ಣ ಸತ್ತ ಮೇಲೂ ಈ ಕೆಲಸಕ್ಕೆ ತೊಂದರೆಯೇನೂ ಆಗಲಿಲ್ಲ. ಅದೇ ಸೋಜಿಗ. ಪಿಟೀಲು ಕೇಳುತ್ತಿತ್ತು, ಡೋಲೂ ಕೇಳುತ್ತಿತ್ತು. ಕೇಳಿ ಏನೂ ಅನಿಸುತ್ತಿರಲಿಲ್ಲ, ಅಷ್ಟೇ. ಕಾಲು ಮಡಿಸಿ ಬಹಳ ಹೊತ್ತು ಕೂತರೆ ಜೋಮು ಹಿಡಿಯುತ್ತದಲ್ಲ, ಹಾಗೆ ಒಳಗೆಲ್ಲ ಜೋಮು ಹಿಡಿದಿತ್ತು. ಹೇಳಬೇಕಾದ ಮಾತುಗಳು ರೂಢಿಯಿಂದ ಬಾಯಲ್ಲೇ ಇದ್ದವು. ಗಿರಾಕಿಗಳು ಎಂದಿನಂತೆ ತಲೆದೂಗಿ ಡಬ್ಬ ಹೊತ್ತುಕೊಂಡು ಹೋಗುತ್ತಿದ್ದರು.

ಹೀಗಿರುವಾಗ ಅತ್ತಿಗೆ ಫೋನ್ ಮಾಡಿದರು. "ಮರಿ, ನಿಮ್ಮಣ್ಣನ ಎರಡು ಹೆಡ್‌ಫೋನ್ ಇವೆಯಲ್ಲ, ಒಂದನ್ನ ನಾನಿಟ್ಕೋತೀನಿ, ಇನ್ನೊಂದು ನಿನಗೆ. ಅವರಿಗೆ ಯಾವುದು ಹೆಚ್ಚು ಇಷ್ಟ ಇತ್ತು ಅಂತ ನೀನೇ ಬಂದು ಕೇಳಿ ಹೇಳು."

ನನಗೆ ನಲವತ್ತು ದಾಟಿದೆ, ತಲೆ ಅರ್ಧ ಬೋಳಾಗಿದೆ, ಅತ್ತಿಗೆಗೆ ಮಾತ್ರ ನಾನು ಇನ್ನೂ 'ಮರಿ'.

"ಅವನಿಗೆ ಯಾವುದಿಷ್ಟ ಅಂತ ಹೆಡ್‌ಫೋನ್ ಬಾಯ್ಬಿಟ್ಟು ಹೇಳುತ್ತಾ ಅತ್ತಿಗೆ?"

"ನಿನ್ನ ಸುಮ್ಸುಮ್ನೆ ಕಿವಿ ಅಂತಾರಾ? ಬಾ."

ಅಣ್ಣ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮಿಷನ್ ನಡೆಸುತ್ತಿದ್ದವನು. ಇಡೀ ದಿನ ಅದರ ಧಡಧಡ ಸದ್ದಿನ ಪಕ್ಕದಲ್ಲಿ ನಿಂತು ಬಂದು, ಸಂಜೆ ಹೆಡ್‌ಫೋನ್ ಹಾಕಿಕೊಂಡು ಕಿಟಕಿಯ ಪಕ್ಕ ಕೂತುಬಿಡುತ್ತಿದ್ದ. ಅದೂ ಎಂಥೆಂಥದೋ ಆಗುತ್ತಿರಲಿಲ್ಲ ಮಹಾರಾಯನಿಗೆ, ಪ್ಲೇನಾರ್ ಮ್ಯಾಗ್ನೆಟಿಕ್ಕೇ ಬೇಕು. ಅದರಲ್ಲಿ ಸಾಲು ಆಯಸ್ಕಾಂತಗಳ ನಡುವೆ ಕೂದಲಿಗಿಂತ ತೆಳ್ಳಗಿನ ಒಂದು ಹಾಳೆ ಬಿಗಿದಿರುತ್ತದೆ. ಹಾಳೆ ಇಡಿಯಾಗಿ ನಡುಗಿ ದನಿ ಹೊರಡುತ್ತದೆ. "ನಾನೂ ಹಾಳೆಯವನು, ಅದೂ ಹಾಳೆಯದು, ಜಾತಕ ಕೂಡಿಬಂದಿದೆ" ಎನ್ನುತ್ತಿದ್ದ.

ಅವನು ಸತ್ತದ್ದು ಗೋದಾಮುಗಳ ಬೀದಿಯಲ್ಲಿ, ವ್ಯಾನು ಬಡಿದು. "ಅವರ ಎಡಗಡೆ ಗೇಟಿಂದ ಗಾಡಿ ಹೊರಗೆ ತೆಗೀತಿದ್ದೆ. ಹಾರ್ನ್ ಮೇಲೆ ಹಾರ್ನ್ ಹೊಡೆದೆ. ಅವರು ಬೆಚ್ಚಿಬಿದ್ದು ಗಾಡಿ ಕಡೆಗೇ ಸರಿದುಬಿಟ್ರು, ದೇವರಾಣೆ" ಎಂದು ಡ್ರೈವರ್ ಅತ್ತುಕೊಂಡು ಹೇಳಿದ. ತನ್ನ ತಲೆ ಉಳಿಸಿಕೊಳ್ಳಲು ಸುಳ್ಳು ಬೊಗಳುತ್ತಿದ್ದಾನೆ ಎಂದು ನಾವೆಲ್ಲ ಅಂದುಕೊಂಡೆವು. ಅವನ ಮಾತನ್ನು ನಂಬಿದ್ದು ಅತ್ತಿಗೆಯೊಬ್ಬರೇ. ವರ್ಷದಿಂದ ಅಣ್ಣನಿಗೂ ಅತ್ತಿಗೆಗೂ ಸರಿಯಿರಲಿಲ್ಲ. ಮಾತಾಡಿಸಿದರೆ ಓಗೊಡುವುದಿಲ್ಲ, ಕೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ, 'ಗೋಡೆ ಜೊತೆ ಸಂಸಾರ ಮಾಡ್ತಿದೀನಿ' ಎಂದು ಅತ್ತಿಗೆ ನನ್ನ ಹತ್ತಿರವೂ ಗೋಳಾಡಿದ್ದರು. ಅವನು ಸತ್ತು ಕೆಲವು ದಿನಗಳಾದ ಮೇಲೆ ಒಂದು ಸಲ, ಒಂದೇ ಸಲ, ನನ್ನನ್ನು ಕೇಳಿದರು: "ಬೇಕಂತಲೇ ಹೋದ್ರಾ, ಮರಿ? ನನ್ನ ಸಹವಾಸ ಸಾಕು ಅಂತ?" ನಾನು "ಛೆ, ಬಿಡಿ ಅತ್ತಿಗೆ" ಎಂದೆ. ಅದು ಉತ್ತರವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಭಾನುವಾರ ಮಧ್ಯಾಹ್ನ ಹೋದೆ. ಅತ್ತಿಗೆ ತೊಳೆದ ತಟ್ಟೆಗಳನ್ನು ಒರೆಸಿಡುತ್ತಿದ್ದರು. ಸೊರಗಿದ್ದರು, ಆದರೆ ಅಳುತ್ತಿರಲಿಲ್ಲ. ಅವರಿಗೂ ಜೋಮು ಹಿಡಿದಿದೆ ಅನಿಸಿತು. ಕಿಟಕಿಯ ಪಕ್ಕ ಅಣ್ಣನ ಕುರ್ಚಿ, ಮೇಜಿನ ಮೇಲೆ ಆಂಪ್ಲಿಫೈಯರ್, ಅದರ ಎರಡೂ ಮಗ್ಗುಲಿಗೆ ಎರಡು ಹೆಡ್‌ಫೋನ್. ಒಂದು ಕಪ್ಪನೆಯದು, ಇನ್ನೊಂದಕ್ಕೆ ಕಿವಿ ಮುಚ್ಚುವ ಮರದ ಬಟ್ಟಲುಗಳು.

ಕಪ್ಪನೆಯದನ್ನು ಹಾಕಿಕೊಂಡು ಅಣ್ಣನ ಮೆಚ್ಚಿನ ಹಾಡುಗಾರ್ತಿಯನ್ನು ಹಾಡಿಸಿದೆ. ತಗ್ಗಿನ ದನಿ ತುಂಬಿಕೊಂಡಿತ್ತು, ಡೋಲಿನ ಚರ್ಮ ಅದುರುವುದೂ ತಿಳಿಯುತ್ತಿತ್ತು. ಮರದ್ದನ್ನು ಹಾಕಿದೆ. ಇದರಲ್ಲಿ ಡೋಲು ತೆಳು, ಆದರೆ ಹಾಡುವವಳ ಸುತ್ತ ಗಾಳಿಯಾಡುತ್ತದೆ, ಅವಳು ಉಸಿರೆಳೆದುಕೊಂಡದ್ದು ಕೂಡ ಬಿಡಿಯಾಗಿ ಕೇಳುತ್ತದೆ. ಗಿರಾಕಿಯಾಗಿದ್ದರೆ ಇಷ್ಟಕ್ಕೇ ಒಂದು ಹಿಡಿಸಿ ಕಳಿಸುತ್ತಿದ್ದೆ.

ಆದರೆ ಹಾಡುವವಳು ನಿಂತ ಜಾಗ ಸರಿಯಿರಲಿಲ್ಲ. ಹೆಡ್‌ಫೋನಿನಲ್ಲಿ ಹಾಡುವವರು ಸರಿಯಾಗಿ ಹಣೆಯ ನಡುವೆ ನಿಲ್ಲಬೇಕು. ಇವಳು ಎಡಭುಜದ ಮೇಲೆ ಹತ್ತಿ ಕೂತಿದ್ದಳು. ಥತ್, ಬಲಗಡೆಯ ಹಾಳೆ ಸಡಿಲವಾಗಿದೆ ಅಂದುಕೊಂಡೆ. ಮತ್ತೆ ಕಪ್ಪನೆಯದನ್ನು ಹಾಕಿದೆ, ಅದರಲ್ಲೂ ಹಾಗೆಯೇ. ಎರಡು ಹೆಡ್‌ಫೋನ್ ಮಾತಾಡಿಕೊಂಡು ಒಂದೇ ಕಡೆ ಕೆಡುತ್ತವೆಯೇ? ಎಡದ್ದು ಬಲಕ್ಕೆ ಬರುವಂತೆ ಹಿಂದುಮುಂದಾಗಿ ಹಾಕಿಕೊಂಡೆ, ಹಾಡುವವಳು ಬಲಭುಜಕ್ಕೆ ಹಾರಿದಳು. ಅಂದರೆ ನನ್ನ ಕಿವಿಯಲ್ಲಿ ಐಬಿಲ್ಲ. ಉಳಿದದ್ದು ಆಂಪ್ಲಿಫೈಯರ್.

ನಿಜ ಹೇಳಬೇಕೆಂದರೆ ನಾನು ಇದನ್ನು ಮೊದಲೇ ನೋಡಬೇಕಿತ್ತು. ಎರಡರ ದನಿಯನ್ನು ಮೀಟರ್ ಹಿಡಿದು ಸಮ ಮಾಡದೆ ಹೋಲಿಸಬಾರದು ಎನ್ನುವುದು ನಮ್ಮ ಕಸುಬಿನ ಮೊದಲ ಪಾಠ, ಏಕೆಂದರೆ ಎಂಥ ಪಂಡಿತನಾದರೂ ಜೋರಾಗಿ ಕೇಳಿದ್ದನ್ನೇ ಚೆನ್ನಾಗಿದೆ ಅನ್ನುತ್ತಾನೆ. ಬ್ಯಾಗಿನಿಂದ ಮೀಟರ್ ತೆಗೆದು ಬಟ್ಟಲುಗಳಿಗೆ ಒಡ್ಡಿದೆ. ಎಡಗಡೆ ಅಬ್ಬರ, ಬಲಗಡೆ ಅದರ ಕಾಲುಭಾಗವೂ ಇಲ್ಲ. ಆಂಪ್ಲಿಫೈಯರನ್ನು ಎಳೆದು ಹಿಂಬದಿ ನೋಡಿದೆ. ಎಡಬಲ ಸರಿದೂಗಿಸುವ ಪುಟ್ಟ ತಿರುಪು ಎಡಕ್ಕೆ ತಿರುಗಿ ಕೊನೆ ಮುಟ್ಟಿತ್ತು.

"ಅತ್ತಿಗೆ, ಇದನ್ನ ಯಾರು ತಿರುಗಿಸಿದ್ದು?"

"ಯಾರು ಮುಟ್ತಾರೆ ಅದನ್ನ? ಧೂಳು ಒರೆಸೋಕೆ ಹೋದ್ರೂ ಹಾರಿಬೀಳ್ತಿದ್ರು ನಿಮ್ಮಣ್ಣ."

ತಿರುಪಿನ ಸುತ್ತ ಪೆನ್ಸಿಲಿನ ಗೀರುಗಳಿದ್ದವು. ಪ್ರೆಸ್ಸಿನವರು ಶಾಯಿಯ ತಿರುಪುಗಳ ಪಕ್ಕ ಹಾಗೆ ಗೀರು ಹಾಕುತ್ತಾರೆ, ಎಷ್ಟಕ್ಕೆ ನಿಲ್ಲಿಸಿದೆ ಎಂದು ನೆನಪಿಗೆ. ಇಲ್ಲಿ ಮೊದಲ ಗೀರು ನಡುವಿನ ಹತ್ತಿರ, ಆಮೇಲಿನದು ಇನ್ನೂ ಸ್ವಲ್ಪ ಎಡಕ್ಕೆ, ಅದರಾಚೆ ಇನ್ನೊಂದು. ಹಾಡುವವಳನ್ನು ಹಣೆಯ ನಡುವೆ ನಿಲ್ಲಿಸಿಕೊಳ್ಳಲು ಅಣ್ಣ ಎಡಕ್ಕೆ ಎಡಕ್ಕೆ ತಿರುಗಿಸುತ್ತಲೇ ಹೋಗಿದ್ದ. ಅಂದರೆ ಅವನ ಎಡಗಿವಿ ಕೇಳುತ್ತಿರಲಿಲ್ಲ. ಮಿಷನ್ ಇದ್ದದ್ದೂ ಅವನ ಎಡಕ್ಕೇ. ಗೊತ್ತಾದರೆ ಮಿಷನ್ನಿನಿಂದ ಇಳಿಸುತ್ತಾರೆ ಎಂದು ಬಾಯಿ ಹೊಲಿದುಕೊಂಡಿದ್ದ. ಪ್ರೆಸ್ಸಿನವರಿಗೆ ಹೇಳದಿದ್ದರೆ ಹೋಗಲಿ, ಒಡಹುಟ್ಟಿದವನಿಗೆ, ಅದೂ ಕಿವಿಯೆಂದೇ ಹೆಸರಿಟ್ಟುಕೊಂಡವನಿಗೆ ಹೇಳಬಾರದಿತ್ತೇ! ಆಗಲೂ ನನಗೆ ಅಳು ಬರಲಿಲ್ಲ. ಕೆಂಡದಂಥ ಸಿಟ್ಟು ಬಂತು. ಬದುಕಿದ್ದರೆ ಹೋಗಿ ಕೊರಳಪಟ್ಟಿ ಹಿಡಿಯುತ್ತಿದ್ದೆ.

ಅತ್ತಿಗೆಗೆ ಹೇಳಿದೆ. ಅವರು ಒರೆಸುವ ಬಟ್ಟೆಯನ್ನು ಕೈಯಲ್ಲೇ ಹಿಡಿದು ನಿಂತರು.

"ಸುಳ್ಳು. ಹಾರ್ನ್ ಕೇಳಿ ಬೆಚ್ಚಿಬಿದ್ರು ಅಂದನಲ್ಲ ಡ್ರೈವರ್? ಕಿವುಡಾಗಿದ್ರೆ ಹೇಗೆ ಬೆಚ್ತಾರೆ?"

"ಬಲಗಿವಿ ಚೆನ್ನಾಗಿತ್ತಲ್ಲ. ನಿಂತ್ಕೊಳ್ಳಿ, ತೋರಿಸ್ತೀನಿ. ಕಣ್ಣು ಮುಚ್ಚಿ, ಎಡಗಿವೀನ ಅಂಗೈಯಿಂದ ಒತ್ತಿ ಹಿಡೀರಿ."

ಮಕ್ಕಳಾಟ ಅನ್ನುವ ಮುಖ ಮಾಡಿದರೂ ಹಾಗೆಯೇ ಹಿಡಿದು ನಿಂತರು. ನಾನು ಚಪ್ಪಲಿಯಿಲ್ಲದ ಕಾಲಲ್ಲಿ ಅವರ ಎಡಕ್ಕೆ, ಎರಡು ಹೆಜ್ಜೆ ದೂರ ಹೋಗಿ, ಬೀಗದಕೈ ಗೊಂಚಲನ್ನು ಜೋರಾಗಿ ಕುಲುಕಿದೆ.

"ಎಲ್ಲಿದೀನಿ?"

ಅವರು ಇನ್ನೊಂದು ಕೈಯಿಂದ ಬಲಗಡೆಯ ಗೋಡೆಯನ್ನು ತೋರಿಸಿದರು.

"ಗಾಡಿ ಅಂತ ತಿಳ್ಕೊಳ್ಳಿ. ಪಕ್ಕಕ್ಕೆ ಸರೀರಿ."

ಮತ್ತೆ ಕುಲುಕಿದೆ. ಅತ್ತಿಗೆ ಎಡಕ್ಕೆ ಸರಿದು ನೇರ ನನಗೇ ಬಂದು ಡಿಕ್ಕಿ ಹೊಡೆದರು.

ಕಣ್ಣು ತೆರೆದು, ನನ್ನ ಕೈಯಲ್ಲಿದ್ದ ಬೀಗದಕೈ ನೋಡಿದರು. ಹಾಗೆಯೇ ನೆಲದ ಮೇಲೆ ಕುಸಿದು ಕೂತರು. "ತಪ್ಪಿಸ್ಕೊಳ್ಳೋಕೆ ಹೋದ್ರು. ತಪ್ಪಿಸ್ಕೊಳ್ಳೋಕೇ ಹೋಗಿದ್ದು ಅವರು!" ಎಂದು ನಾಲ್ಕಾರು ಸಲ ಅಂದರು. ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕರು ಕೂಡ. "ಅವರನ್ನ ಗೋಡೆ ಅಂತಿದ್ದೆನಲ್ಲೋ ಮರಿ. ಪಾಪ, ಕೇಳ್ತಾನೇ ಇರ್ಲಿಲ್ಲ." ಸದ್ಯ, ಇವರ ಎದೆಯ ಮೇಲಿನ ಕಲ್ಲೊಂದು ಇಳಿಯಿತು ಎಂದು ನನಗೆ ಸಮಾಧಾನವಾಯಿತು. ನೀರು ತಂದುಕೊಟ್ಟೆ. ಹೆಡ್‌ಫೋನಿನ ಮಾತು ಇಬ್ಬರಿಗೂ ಮರೆತೇಹೋಗಿತ್ತು.

ಅರ್ಧ ಲೋಟ ಕುಡಿದು ನಿಲ್ಲಿಸಿದರು.

"ಯಾವ ಕಿವಿ ಅಂದೆ?"

"ಎಡಗಿವಿ, ಅತ್ತಿಗೆ."

ಅವರು ಲೋಟವನ್ನು ಕೆಳಗಿಟ್ಟರು. "ಅವರು ಹೋಗೋ ಹಿಂದಿನ ರಾತ್ರಿ ನನಗೆ ಬೆನ್ನು ಹಾಕಿ ಮಲಗಿದ್ರು. ಬಲಮಗ್ಗುಲಿಗೆ. ಬಲಗಿವಿ ದಿಂಬಿನಲ್ಲಿತ್ತು." ಲೆಕ್ಕ ಒಪ್ಪಿಸುವವರ ಹಾಗೆ ನಿಧಾನವಾಗಿ ಹೇಳುತ್ತಿದ್ದರು. "ನಾನು ಎದ್ದು, ಬಗ್ಗಿ, ಮೇಲಿದ್ದ ಕಿವಿ ಹತ್ರ ಬಾಯಿಟ್ಟು ಹೇಳಿದೆ. ತಪ್ಪೆಲ್ಲ ನಂದೇ, ನಾನು ಹಾಗೆಲ್ಲ ಕೂಗಾಡಬಾರದಿತ್ತು, ನೀವಿಲ್ಲದೆ ನನಗೆ ಆಗಲ್ಲ ಅಂತ. ಅವರು ಹೂಂ ಅನ್ಲಿಲ್ಲ. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾನು ಹಾಗೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೂಂ ಕೂಡ ಅನ್ಲಿಲ್ವಲ್ಲ ಅಂತ ಬೆಳಿಗ್ಗೆ ನಾನು ಮುಖ ತಿರುಗಿಸಿಕೊಂಡೇ ಇದ್ದೆ. ಹೋಗಿ ಬರ್ತೀನಿ ಅಂದ್ರು. ನಾನೂ ಹೂಂ ಅನ್ಲಿಲ್ಲ."

"ನಿದ್ದೆ ಬಂದಿರಬೇಕು ಅತ್ತಿಗೆ."

"ಇಲ್ಲ. ಎಚ್ಚರವಾಗೇ ಇದ್ರು. ಕಾಲು ಅಲ್ಲಾಡಿಸ್ತಾ ಇದ್ರು." ನನ್ನನ್ನು ನೇರವಾಗಿ ನೋಡಿದರು. "ನಿನಗೆ ಗೊತ್ತಿರುತ್ತಲ್ಲ ಮರಿ, ನಿನ್ನ ಕೆಲಸಾನೇ ಅದು. ಅಷ್ಟು ಹತ್ರದಿಂದ ಹೇಳಿದ್ರೂ ಕೇಳ್ಸಲ್ವಾ? ಮೆತ್ತಗೆ ಹೇಳಿದೆ, ಆದರೆ ಕಿವಿಗೆ ತುಟಿ ತಾಗಿತ್ತು."

ಕೇಳಿರುತ್ತದೆ ಎಂದು ಹೇಳಿಬಿಡಬಹುದಿತ್ತು. ಕೇಳಿಯೂ ಅಣ್ಣ ಸುಮ್ಮನಿದ್ದ ಎಂದಾಗುತ್ತಿತ್ತು ಆಗ. ಕೇಳಿಲ್ಲ ಎಂದರೆ ಅವರ ಆ ಮಾತು ಎಲ್ಲಿಗೂ ತಲುಪಲಿಲ್ಲ ಎಂದಾಗುತ್ತಿತ್ತು. ಕೊನೆ ಮುಟ್ಟಿದ ತಿರುಪನ್ನು ನಾನು ಕಣ್ಣಾರೆ ಕಂಡಿದ್ದೆ. ಇಷ್ಟು ದಿನ ಹಿಡಿದಿದ್ದ ಜೋಮು ಒಳಗೆ ಚುಚ್ಚುತ್ತ ಬಿಡತೊಡಗಿತ್ತು. ಅತ್ತಿಗೆ ಕಾಯುತ್ತಿದ್ದರು.

"ಉಸಿರು ತಾಗಿರುತ್ತೆ ಅತ್ತಿಗೆ," ಎಂದೆ. "ಬೆಚ್ಚಗೆ ಉಸಿರು ತಾಗಿದ್ದು ಗೊತ್ತಾಗಿರುತ್ತೆ. ಮಾತು ಕೇಳಿರಲ್ಲ."